ಸ್ಕ್ರೂಡ್ರೈವರ್ ಡಾಕ್ಟರ ಕಿವಿ

ಆ ಬೀದಿಯಲ್ಲಿ ಯಾರ ಗಾಡಿ ಕೆಮ್ಮಿದರೂ ಮೊದಲು ಹೋಗಿ ನಿಲ್ಲುತ್ತಿದ್ದದ್ದು ಸ್ಕ್ರೂಡ್ರೈವರ್ ಡಾಕ್ಟರ ಮನೆಯ ಮುಂದೆ. ಅವರು ಡಾಕ್ಟರೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸಿ ನಿವೃತ್ತರಾದ ಮನುಷ್ಯ. ಮೊಳದುದ್ದದ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. "ಮೂರನೇ ವಾಲ್ವ್ ಸಡಿಲ ಆಗಿದೆ" ಎಂದರೆ ಮೂರನೆಯದೇ. ಫೀಸಿಲ್ಲ, ಚೀಟಿಯಿಲ್ಲ. ಯಾರಾದರೂ "ಡಾಕ್ಟ್ರೇ" ಎಂದು ಬಾಯ್ತುಂಬ ಕರೆದರೆ ಸಾಕು, ಆ ದಿನ ಎರಡು ತುತ್ತು ಹೆಚ್ಚಿಗೇ ಇಳಿಯುತ್ತಿತ್ತು. ಇದು ಬಡಿಸುವವಳಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಬಡಿಸುವವಳು ಎಂದರೆ ಅವರ ಹೆಂಡತಿ, ಬೀದಿಯವರ ಟೈಲರಮ್ಮ. ಯಾರು ದಪ್ಪಗಾದರು, ಯಾರು ಇಳಿದುಹೋದರು ಅನ್ನುವುದು ಅವರವರ ಮನೆಯವರಿಗಿಂತ ಮೊದಲು ಆಕೆಯ ಟೇಪಿಗೆ ಗೊತ್ತಾಗುತ್ತಿತ್ತು. ಹೊಲಿಗೆ ಕೋಣೆಗೂ ಗ್ಯಾರೇಜಿಗೂ ನಡುವೆ ಒಂದು ಬಾಗಿಲು. ಅದನ್ನು ಮುಚ್ಚಿದ್ದನ್ನು ಕಂಡವರಿಲ್ಲ. ಈ ಕಡೆ ಆಕೆಯ ಮೆಷಿನ್ನು, ಆ ಕಡೆ ಅವರ ಕಾರು. ದಿನವಿಡೀ ಎರಡೂ ಕಡೆಯಿಂದ ಮಾತು ಹೋಗಿಬರುತ್ತಿತ್ತು.

"ಏನೇ, ಹದಿಮೂರನೇ ನಂಬರ್ ಸ್ಪಾನರ್ ನೋಡಿದ್ಯಾ?"

"ನಿಮ್ಮ ಜೇಬಲ್ಲೇ ನೋಡ್ಕೊಳ್ರೀ."

ನೋಡಿಕೊಂಡರೆ ಜೇಬಿನಲ್ಲೇ ಇರುತ್ತಿತ್ತು.

ಕಾರೋ, ಅವರ ಮಗಳಿಗಿಂತ ಹಿರಿದು. ಮಗಳನ್ನು ಮದುವೆ ಮಾಡಿ ಕಳಿಸಿದರು. ಕಾರನ್ನು ಕಳಿಸುವ ಮಾತೇ ಬರಲಿಲ್ಲ. ಬದಲಿಗೆ ಅದಕ್ಕೆ ವರ್ಷಕ್ಕೊಂದು ಸಿಂಗಾರ. ಗುಜರಿಯಲ್ಲಿ ಹುಡುಕಿ ತಂದು ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹಾಕಿದರು. ನಾಲ್ಕು ಗೇರಿದ್ದದ್ದು ಐದಾಯಿತು. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಪ್ರತಿ ಸಲ ಕೆಲಸ ಮುಗಿದ ಮೇಲೆ ಇಬ್ಬರೂ ಊರಾಚೆಯ ಏರಿನ ತನಕ ಒಂದು ಸುತ್ತು ಹೋಗಿಬರಬೇಕು. "ಹೇಗಿದೆ?" ಎಂದು ಅವರು ಕೇಳಬೇಕು, "ಹೂವಿನ ಹಾಗಿದೆ" ಎಂದು ಈಕೆ ಹೇಳಬೇಕು. ಕುಲುಕಿ ಕುಲುಕಿ ಸೊಂಟ ಹಿಡಿದುಕೊಂಡ ದಿನವೂ ಹೂವೇ.

ಇಷ್ಟೆಲ್ಲ ಸುಖವಾಗಿದ್ದರೂ ಟೈಲರಮ್ಮನ ಎದೆಯೊಳಗೆ ಒಂದು ಮುಳ್ಳಿತ್ತು. ಡಾಕ್ಟರ ಕಿವಿ ಹೋಗುತ್ತಿತ್ತು.

ಪೂರ್ತಿ ಅಲ್ಲ. ದೊಡ್ಡ ರಸ್ತೆಯಲ್ಲಿ ಲಾರಿ ಹೋದರೆ ತಿಳಿಯುತ್ತಿತ್ತು. ಪಕ್ಕದ ಒಲೆಯ ಮೇಲೆ ಕೆಟಲ್ ಪ್ರಾಣ ಹೋಗುವ ಹಾಗೆ ಕೂಗಿಕೊಂಡರೆ ಇಲ್ಲ. ದಪ್ಪ ಸದ್ದೆಲ್ಲ ಒಳಗೆ, ಸಣ್ಣ ಸದ್ದೆಲ್ಲ ಹೊರಗೆ. ಆಯುಸ್ಸೆಲ್ಲ ಪ್ರೆಸ್ಸಿನ ಮೆಷಿನ್ನುಗಳ ಪಕ್ಕ ನಿಂತವರಿಗೆ ಇನ್ನೇನಾದೀತು! ಕೇಳಿದರೆ ಮಾತ್ರ, "ನೀನೇ ಇತ್ತೀಚೆಗೆ ಬಾಯಿ ಬಿಟ್ಟು ಮಾತಾಡಲ್ಲ" ಎಂದು ತಪ್ಪನ್ನು ಆಕೆಯ ತಲೆಗೇ ಕಟ್ಟುತ್ತಿದ್ದರು. ಒಮ್ಮೆ ಮಗಳು ಬಂದಾಗ "ಅಪ್ಪಾ, ಕಿವಿ ತೋರಿಸ್ಕೊಂಡು ಬರೋಣ" ಎಂದದ್ದಷ್ಟೇ ತಡ, ಮುಖ ಊದಿಸಿಕೊಂಡು ಕುಳಿತರು. "ಕಿವಿ ಹೋದವನಿಗೆ ಇಂಜಿನ್ ಯಾಕೆ? ಗುಜರಿಗೆ ಹಾಕ್ಲಿ, ಕಾರನ್ನೂ ನನ್ನನ್ನೂ" ಎಂದರು. ಮಗಳು ಊರಿಗೆ ಹೋದ ಮೇಲೂ ಎಷ್ಟೋ ದಿನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದರು. ಅದನ್ನು ಕಂಡ ಟೈಲರಮ್ಮ ಆಗಲೇ ನಿರ್ಧರಿಸಿದಳು: ಕಿವಿಯ ಮಾತು ಇನ್ನು ನನ್ನ ಬಾಯಿಂದ ಬರಬಾರದು.

ಹೀಗಿರುವಾಗ ಮನೆಗೆ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಹೊಸ ಕಾರ್ಬುರೇಟರ್ ಬಂತು. ಹೊಸದು ಎಂದರೆ ಅವರಿಗೆ ಹೊಸದು. ಬೇರೆ ಯಾವುದೋ ದೊಡ್ಡ ಕಾರಿನಿಂದ ಕಳಚಿ ಗುಜರಿಯವನು ಕೊಟ್ಟದ್ದು. ಹಳೆಯದಕ್ಕೆ ಒಂದು ಬಾಯಿ, ಇದಕ್ಕೆ ಎರಡು. "ಇನ್ನು ಆ ಏರು ನಾಲ್ಕನೇ ಗೇರಲ್ಲೇ ಹತ್ತುತ್ತೆ ನೋಡ್ತಿರು" ಎಂದು ಡಾಕ್ಟರು ಮಗು ತೊಳೆದ ಹಾಗೆ ಅದನ್ನು ಪೆಟ್ರೋಲಿನಲ್ಲಿ ತೊಳೆದರು. ಗಾಳಿ ಸೋರದ ಹಾಗೆ ಅದರ ಅಡಿಗೆ ಹಾಸಲು ಗ್ಯಾಸ್ಕೆಟ್ ಕಾಗದವನ್ನು ತಾವೇ ಕತ್ತರಿಸಿದರು. ಕೂರಿಸಿದರು, ಬಿಗಿದರು, ಸ್ಟಾರ್ಟ್ ಮಾಡಿದರು.

ಇಂಜಿನ್ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಕಡೆ ನಿಲ್ಲಲೊಲ್ಲದು. ಅದರ ಜೊತೆಗೇ ಬಾಗಿಲಾಚೆ ಕೂತಿದ್ದ ಟೈಲರಮ್ಮನಿಗೆ ಇನ್ನೊಂದು ಸದ್ದು ಕೇಳಿಸಿತು: ಉಸ್ಸ್. ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವ ಹಾಗೆ, ಸಣ್ಣಗೆ, ಎಡೆಬಿಡದೆ. ಆಕೆ ತಲೆಯೆತ್ತಿ ನೋಡಿದಳು. ಡಾಕ್ಟರು ಸ್ಕ್ರೂಡ್ರೈವರನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವರ ಹಾಗೆ ನಿಂತಿದ್ದರು. ಉಸ್ಸ್ ಅವರ ಮೂಗಿನಡಿಯಲ್ಲೇ ಇತ್ತು, ಕಿವಿಗೆ ಬಿದ್ದಿರಲಿಲ್ಲ.

ಆ ವಾರವೆಲ್ಲ ಇದೇ ಕತೆ. ಸ್ಕ್ರೂ ತಿರುಗಿಸಿದರು, ಕಿಡಿಯ ಟೈಮಿಂಗ್ ಹಿಂದೆ ಮುಂದೆ ಮಾಡಿದರು, ಪ್ಲಗ್ ಬದಲಿಸಿದರು. "ದರಿದ್ರದ ಕಾರ್ಬುರೇಟರ್! ಕೊಟ್ಟವನು ಟೋಪಿ ಹಾಕಿದ" ಎಂದು ಗುಜರಿಯವನ ಜನ್ಮ ಜಾಲಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಟೈಲರಮ್ಮನ ನಾಲಿಗೆ ತುದಿಗೇ ಬಂದು ನಿಂತಿತು. ಆಕೆ ಅದನ್ನು ಹಲ್ಲು ಕಚ್ಚಿ ನುಂಗಿದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಹೇಳಿದರು: "ಬೇಕರಿಯವರಿಗೆ ಮಾತು ಕೊಟ್ಟು ಬಂದೆ. ಕಾರು ಬೇಕು ಬೇಕು ಅಂತಿದ್ರಲ್ಲ, ಭಾನುವಾರ ಬಂದು ತಗೊಂಡು ಹೋಗ್ತಾರೆ."

ಟೈಲರಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. "ಏನಂದ್ರಿ?"

"ನನ್ನ ಕೈಲಿ ಆಗಲ್ಲ ಕಣೇ. ಕೈ ಹೋಗಿದೆ ನಂದು" ಎಂದರು ಡಾಕ್ಟರು. ಹೋದದ್ದು ಕೈ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎರಡನೇ ಸಲ ಬಡಿಸಲು ಹೋದರೆ ಬೇಡವೆಂದು ಕೈ ಅಡ್ಡ ಹಿಡಿದರು.

ಈಗ ಟೈಲರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸುಮ್ಮನಿದ್ದರೆ ಕಾರು ಹೋಗುತ್ತದೆ, ಗಂಡ ಮತ್ತೆ ಗೋಡೆ ನೋಡುತ್ತ ಕೂರುತ್ತಾರೆ. "ನಿಮಗೆ ಕೇಳಿಸ್ತಿಲ್ಲ" ಎಂದುಬಿಟ್ಟರೆ ಇವತ್ತೇ ಕೂರುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲಿಗೆ ಟೀ ಕೊಡುವ ನೆಪದಲ್ಲಿ ಹೋಗಿ, ಬಾನೆಟ್ಟಿನೊಳಗೆ ಮೂಗು ತೂರಿಸಿ, "ರೀ, ಇಲ್ಲೆಲ್ಲೋ ಪೆಟ್ರೋಲ್ ವಾಸನೆ ಬರ್ತಿದೆಯಲ್ಲ, ಈ ಅಡಿ ಸಂದಿ ನೋಡಿದ್ರಾ?" ಎಂದಳು. ಡಾಕ್ಟರ ಮೂಗು ಮಾತ್ರ ಗಟ್ಟಿಮುಟ್ಟಾಗಿತ್ತು. ಮೂಸಿ ನೋಡಿ, "ಎಲ್ಲೇ ಇದೆ? ಟೀಗೆ ಶುಂಠಿ ಜಾಸ್ತಿ ಹಾಕಿದೀಯ, ಅದರ ವಾಸನೆ" ಎಂದರು. ಮರುದಿನ, ತನಗೆ ಕಾರ್ಬುರೇಟರ್ ಸ್ವಲ್ಪ ಸೊಟ್ಟಗೆ ಕೂತ ಹಾಗೆ ಕಾಣುತ್ತದೆ ಎಂದಳು. "ಇದೇನು ರವಿಕೆ ತೋಳಾ, ಸೊಟ್ಟ ಕೂರೋಕೆ?" ಎಂಬ ಉತ್ತರ ಬಂತು. ಕೋಣನ ಮುಂದೆ ಕಿನ್ನರಿ ಬಾರಿಸಿದರೂ ಕೋಣ ಒಂದು ಸಲ ತಲೆ ಅಲ್ಲಾಡಿಸೀತು, ಇವರು ಅದಕ್ಕೂ ಇಲ್ಲ!

ಸಿಟ್ಟು ಬಂದು ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಹೊರಟಳು. ಕಿಟಕಿಯ ಗಾಳಿಗೆ ದಾರ ಆಚೀಚೆ ಸರಿದು ಸೂಜಿಗಣ್ಣಿಗೆ ಸಿಗಲೇ ಇಲ್ಲ. ಥತ್ ಎಂದು ಕಿಟಕಿ ಮುಚ್ಚಲು ಎದ್ದವಳು ಹಾಗೇ ನಿಂತಳು. ಉಸ್ಸ್ ಎಂದರೆ ಗಾಳಿ. ಗಾಳಿ ಇದ್ದ ಕಡೆ ದಾರ ಸುಮ್ಮನಿರುವುದಿಲ್ಲ. ಕಿವಿಗೆ ಕೇಳಿಸದ್ದು ಕಣ್ಣಿಗಾದರೂ ಕಾಣಬಾರದೇಕೆ?

ಇಂಜಿನ್ ಓಡುತ್ತಿತ್ತು. ಟೈಲರಮ್ಮ ಬೆರಳಲ್ಲಿ ಗೇಣುದ್ದ ಕೆಂಪು ದಾರ ಹಿಡಿದು ನೇರ ಹೋಗಿ ಬಾನೆಟ್ಟಿನೊಳಗೆ ಬಗ್ಗಿದಳು.

"ಏಯ್, ಫ್ಯಾನಿಗೆ ಸೆರಗು ಸಿಕ್ಕೀತು! ಏನು ಮಾಡ್ತಿದೀಯ?"

"ಸುಮ್ನೆ ನೋಡ್ರೀ."

ದಾರ ಮೊದಲು ಸುಮ್ಮನೆ ಹಾರಾಡಿತು. ಕಾರ್ಬುರೇಟರಿನ ಬುಡದ ಹಿಂಭಾಗಕ್ಕೆ ಹೋದದ್ದೇ ತಡ, ತುದಿ ಸೆಟೆದುಕೊಂಡು ಸಂದಿನೊಳಕ್ಕೆ ನುಗ್ಗಿತು. ಎಳೆದಳು, ಬಂತು. ಬಿಟ್ಟಳು, ಮತ್ತೆ ನುಗ್ಗಿತು. ಡಾಕ್ಟರು ಬೆರಳಿಗೆ ಗ್ರೀಸ್ ಬಳಿದುಕೊಂಡು ಆ ಸಂದಿಗೆ ಒತ್ತಿದರು. ಏರಿಳಿಯುತ್ತಿದ್ದ ಇಂಜಿನ್ ಗಪ್ಪೆಂದು ಒಂದೇ ಹದಕ್ಕೆ ಬಂದು ನಿಂತಿತು. ಬೆರಳು ತೆಗೆದರೆ ಮತ್ತೆ ಅದೇ ಹಾಡು.

ಅವರ ಮುಖ ಅರಳಿತು. ಅರಳಿದ ಮುಖವೇ ಮೆಲ್ಲಗೆ ಆಕೆಯತ್ತ ತಿರುಗಿತು. "ಇದೇ ಸಂದಿ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಸುಳ್ಳೊಂದನ್ನು ಸಿದ್ಧ ಮಾಡಿಕೊಂಡೇ ಬಂದಿದ್ದಳು. ಆ ಮುಖ ನೋಡಿ ಹೇಳಲಾಗಲಿಲ್ಲ.

"ಕೇಳಿಸ್ತಿತ್ತು ರೀ. ಉಸ್ಸ್ ಅಂತ."

"ಈಗಲೂ ಕೇಳಿಸ್ತಿದ್ಯಾ?"

"ಹೂಂ."

"ಯಾವತ್ತಿಂದ?"

"ನೀವು ಇದನ್ನ ಕೂರಿಸಿದ ದಿನದಿಂದ."

ಡಾಕ್ಟರು ಇಂಜಿನ್ ಆರಿಸಿದರು. ಮೂಲೆಯ ಹಳೇ ಟೈರಿನ ಮೇಲೆ ಕೂತು, ಬಟ್ಟೆಯ ಚೂರಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ನನಗೆ ಒಂದು ಚೂರೂ ಕೇಳಿಸಿಲ್ಲ ಕಣೇ. ಕೆಟಲ್ ಕೂಗೋದೂ ಕೇಳಿಸಲ್ಲ. ಆವಿ ನೋಡ್ಕೊಂಡು ಎದ್ದು ಬರ್ತೀನಿ" ಎಂದರು. ಬಟ್ಟೆಯ ಚೂರನ್ನು ಪಕ್ಕಕ್ಕಿಟ್ಟು, "ನಿನಗೆ ಗೊತ್ತಿತ್ತಲ್ವಾ? ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಹೇಳಿದ್ರೆ ನೀವು ಗ್ಯಾರೇಜ್ ಬಿಟ್ಟು ಕೂತ್ಕೋತೀರ ಅಂತ ಹೆದರಿಕೆ" ಎಂದಳು ಟೈಲರಮ್ಮ. "ಆ ಕಡೆ ನೀವು ಖಟಪಟ ಮಾಡ್ತಿದ್ರೇನೆ ಈ ಕಡೆ ನನ್ನ ಕೈಯಿಂದ ಹೊಲಿಗೆ ಬೀಳೋದು. ಇಲ್ದಿದ್ರೆ ನನಗೆ ಕೂರೋಕೇ ಆಗಲ್ಲ ರೀ."

ಡಾಕ್ಟರಿಗೂ ಕಣ್ಣು ಒದ್ದೆಯಾಯಿತು. ಗ್ರೀಸ್ ಕೈಯಲ್ಲೇ ಒರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡರು; ಆಕೆಗೆ ಅಳುವಿನ ನಡುವೆಯೇ ನಗು ಬಂತು.

"ಬೇಕರಿಯವರಿಗೆ ಮಾತು ಕೊಟ್ಟುಬಿಟ್ಟಿದೀನಲ್ಲೇ."

"ಕೆಟ್ಟ ಕಾರು ಕೊಡ್ತೀನಿ ಅಂತ ತಾನೇ ಕೊಟ್ಟಿದ್ದು? ಕೆಟ್ಟ ಕಾರು ಈಗ ಎಲ್ಲಿದೆ?"

ಕಾರ್ಬುರೇಟರ್ ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ಟಿನ ಹಿಂದಿನ ಅಂಚು ಹರಿದಿತ್ತು. "ಇದನ್ನ ಹಲ್ಲಲ್ಲಿ ಕತ್ತರಿಸಿದ್ರಾ?" ಎಂದು ಟೈಲರಮ್ಮ ಒಳಗೆ ಹೋಗಿ ತನ್ನ ಬಟ್ಟೆ ಕತ್ತರಿ ತಂದಳು. ಬಟ್ಟೆ ಕತ್ತರಿಗೆ ಕಾಗದ ತಗುಲಿದರೆ ಅದರ ಹರಿತ ಹೋಯಿತು ಅಂತಲೇ ಅರ್ಥ. ಚಿಕ್ಕವಳಿದ್ದಾಗ ಮಗಳು ಅದರಲ್ಲಿ ಗಾಳಿಪಟ ಕತ್ತರಿಸಿ ಏಟು ತಿಂದಿದ್ದಳು. ಅಂಥ ಕತ್ತರಿಯಲ್ಲಿ ಆಕೆ ಗ್ಯಾಸ್ಕೆಟ್ಟನ್ನು ಕಾಲರ್ ಕತ್ತರಿಸುವಷ್ಟು ನಾಜೂಕಾಗಿ ಕತ್ತರಿಸಿಕೊಟ್ಟಳು. ಡಾಕ್ಟರು ಕತ್ತರಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಕೆಲಸಕ್ಕೆ ಬಗ್ಗಿದರು. ಆಮೇಲೆ ಅವರು ಸ್ಕ್ರೂ ತಿರುಗಿಸುವುದು, ಈಕೆ "ಇನ್ನೂ... ಇನ್ನೂ... ಆಯ್ತು, ಸ್ವಲ್ಪ ಹಿಂದೆ ಬನ್ನಿ" ಎನ್ನುವುದು. ಸಂಜೆ ಹೊತ್ತಿಗೆ ಕಾರು ಏರನ್ನು ನಾಲ್ಕನೇ ಗೇರಿನಲ್ಲೇ ಹತ್ತಿತು. "ಹೂವಿನ ಹಾಗಿದೆ" ಎಂದಳು ಟೈಲರಮ್ಮ. ಆವತ್ತು ಅದು ಸುಳ್ಳಾಗಿರಲಿಲ್ಲ.

ವಾಪಸು ಬರುವಾಗ ಮಾತ್ರ ಡಾಕ್ಟರು ಮೆಲ್ಲಗೆ, "ಕಿವಿ ವಿಷಯ ನಮ್ಮಿಬ್ಬರಲ್ಲೇ ಇರ್ಲಿ. ಬೀದಿಯವರಿಗೆ ಗೊತ್ತಾದ್ರೆ ಯಾರೂ ಬರಲ್ಲ" ಎಂದರು. ಟೈಲರಮ್ಮ ಹೂಂ ಎಂದಳು. ಒಬ್ಬರೂ ಬರದೆ, ಯಾರೂ "ಡಾಕ್ಟ್ರೇ" ಎಂದು ಕೂಗದೆ, ಈ ಮನುಷ್ಯ ಹೇಗೆ ಉಂಡಾನು ಎಂಬುದೇ ಆಕೆಯ ಚಿಂತೆಯಾಗಿತ್ತು.

ಭಾನುವಾರ ಬೆಳಿಗ್ಗೆ ಬೇಕರಿಯವರು ತಮ್ಮ ವ್ಯಾನಿನಲ್ಲಿ ಬಂದಿಳಿದರು. ಡಾಕ್ಟರು ಕಾರು ಸ್ಟಾರ್ಟ್ ಮಾಡಿ ತೋರಿಸಿ, ಕೊಡಲಾಗದು, ಕ್ಷಮಿಸಬೇಕು ಎಂದರು. ಬೇಕರಿಯವರು ಒಳ್ಳೆಯವರು, ಮುಖ ಚಿಕ್ಕದು ಮಾಡಿಕೊಂಡರೂ ಮುನಿಯಲಿಲ್ಲ. "ಎಷ್ಟು ಚೆನ್ನಾಗಿ ನಿಂತಿದೆ! ಏನಾಗಿತ್ತು ಡಾಕ್ಟ್ರೇ ಹಂಗಾದ್ರೆ?"

ಒಳಗೆ ಟೈಲರಮ್ಮನ ಕಾಲು ಮೆಷಿನ್ನಿನ ಪೆಡಲಿನ ಮೇಲೆ ನಿಂತಿತು. ಗುಜರಿಯವನ ಮೇಲೆ ಹಾಕಲಿ, ಕಾರ್ಬುರೇಟರಿನ ಮೇಲೆ ಹಾಕಲಿ, ತಾನೂ ಹೌದು ಹೌದು ಎನ್ನಲು ತಯಾರಾಗಿ ಕೂತಳು.

"ಗ್ಯಾಸ್ಕೆಟ್ ಹರಿದು ಗಾಳಿ ಎಳೀತಿತ್ತು" ಎಂದರು ಡಾಕ್ಟರು.

"ಅಷ್ಟೇನಾ! ಅದು ನಿಮಗೆ ಕೇಳಿಸ್ಲಿಲ್ವಾ?" ಬೇಕರಿಯವರು ತಮಾಷೆಗೆ ನಕ್ಕರು.

ಟೈಲರಮ್ಮ ಉಸಿರು ಹಿಡಿದಳು.

"ಇಲ್ಲಪ್ಪ. ನನ್ನ ಕಿವಿ ಹೋಗಿದೆ. ಸಣ್ಣ ಸದ್ದು ಒಂದೂ ಕೇಳಿಸಲ್ಲ ಈಗ."

ಬೇಕರಿಯವರ ನಗು ನಿಂತಿತು. "ಅಯ್ಯೋ, ಹೌದಾ..." ಎಂದರು. ವ್ಯಾನಿನ ಕಡೆ ತಿರುಗಿ, "ನಮ್ಮ ವ್ಯಾನ್ ಬೇರೆ ಮೊನ್ನೆಯಿಂದ ಕೀಚ್ ಕೀಚ್ ಅಂತಿದೆ. ನಿಮಗೇ ತೋರಿಸೋಣ ಅಂತಿದ್ದೆ. ಇರ್ಲಿ ಬಿಡಿ, ಬೇರೆ ಎಲ್ಲಾದ್ರೂ..." ಎಂದು ಎಳೆದರು.

"ಬೇರೆ ಎಲ್ಲಿಗ್ರೀ? ಸ್ಟಾರ್ಟ್ ಮಾಡಿ ನೀವು" ಎಂದರು ಡಾಕ್ಟರು, ಎಂದಿನ ಗತ್ತಿನಲ್ಲಿ. "ನನ್ನ ಕಿವಿ ಒಳಗೆ ಬಟ್ಟೆ ಹೊಲೀತಾ ಕೂತಿದೆ. ಕರೀತೀನಿ ಇರಿ. ಏನೇ, ಬಾರೇ ಇಲ್ಲಿ!"

ಟೈಲರಮ್ಮನಿಗೆ ಕಣ್ಣೆದುರಿನ ಹೊಲಿಗೆ ಮಂಜಾಯಿತು. "ಬಂದೆ ರೀ" ಎನ್ನಲು ಬಾಯಿ ತೆರೆದಳು. ಅಷ್ಟು ದೂರಕ್ಕೆ ಅದು ಅವರಿಗೆ ಎಲ್ಲಿ ಕೇಳಿಸಬೇಕು ಎಂದುಕೊಂಡು, ಬಟ್ಟೆ ಪಕ್ಕಕ್ಕಿಟ್ಟು ಎದ್ದೇ ಹೋದಳು.