ಓಣಿಯಲ್ಲಿ ಒಟ್ಟಿದ ಸೌದೆ

ಕೊಪ್ಪಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದು, ನೀರು ಚಿಮುಕಿಸಿ, ಬಗ್ಗಿ ರಂಗೋಲಿ ಎಳೆಯುತ್ತಿದ್ದೆ. ಬೆನ್ನ ಹಿಂದೆಯೇ ಹಾರ್ನ್ ಬಡಿದುಕೊಂಡಿತು. ಬೆಚ್ಚಿ ಎದ್ದರೆ ನನ್ನ ಸೀರೆಯ ಸೆರಗಿನಿಂದ ಒಂದು ಗೇಣು ದೂರದಲ್ಲಿ ಸ್ಕೂಟರಿನ ಚಕ್ರ.

“ಹೋಯ್ ಅಮ್ಮ, ರಸ್ತೆ ಮಧ್ಯೆ ಎಂತ ಮಾಡ್ತಿದ್ದೀರಿ?”

“ಅಂಗಳಕ್ಕೆ ರಂಗೋಲಿ ಹಾಕ್ತಿದ್ದೆ,” ಎಂದೆ.

“ಅಂಗಳ ಎಲ್ಲಿದೆ ಮಾರಾಯ್ತಿ!” ಎಂದು ನಗುತ್ತಾ ಅವನು ರಂಗೋಲಿಯ ಮೇಲೆಯೇ ಹೋದ.

ಮಕ್ಕಳೇ, ಸಿರಿಮನೆಯಿಂದ ಕೊಪ್ಪಕ್ಕೆ ಶೃಂಗೇರಿಯಲ್ಲಿ ಒಂದು ಸಲ ಬಸ್ಸು ಬದಲಿಸಿದರೆ ಆಯಿತು. ಅಷ್ಟಕ್ಕೆ ಪರಸ್ಥಳ ಎಂದರೆ ನೀವು ನಗುತ್ತೀರಿ. ಆದರೆ ಹೊಸಿಲಿನಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಅದು ಎಲ್ಲರ ಜಾಗ ಎನ್ನುವ ಊರು ನನಗೆ ಪರದೇಶವೇ ಆಗಿತ್ತು. ಅಜ್ಜಿ ಸಭೆಯಲ್ಲಿ ಮಾತಾಡಿದಳಂತೆ, ಹೌದಾ ಎಂದು ನೀವು ಫೋನಿನಲ್ಲಿ ಕೇಳಿದಿರಿ. ಬಾಯಲ್ಲಿ ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸುಮತ್ತೆಗೆ ಇಲ್ಲಿ ಆಂಬುಲೆನ್ಸಿನಲ್ಲಿ ಕೆಲಸವಾಯಿತಲ್ಲ, ಆಗ ಬಂದದ್ದು. ಗಾಡಿಯಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಮುಟ್ಟುವವರೆಗೆ ಉಸಿರು ನೋಡಿಕೊಳ್ಳುವ ಕೆಲಸ. ಹೊತ್ತು ಗೊತ್ತಿಲ್ಲದೆ ಹೋಗಿ ಬರುವ ಹುಡುಗಿಗೆ ಒಂದು ತಿಂಗಳು ಅನ್ನ ಬೇಯಿಸಿ ಕೊಟ್ಟು ಬರುತ್ತೇನೆ ಎಂದು ಹೊರಟವಳು ಇಲ್ಲೇ ಉಳಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂರು ಕೋಣೆಯ ಬಾಡಿಗೆ ಮನೆ. ಸುಮ ಕೆಲಸಕ್ಕೆ ಹೋದರೆ ಗೋಡೆಗಳ ಜೊತೆ ನಾನೊಬ್ಬಳೇ. ಸಿರಿಮನೆಯಲ್ಲಿ ಮನೆಯಿಂದ ಮನೆಗೆ ಕೂಗಳತೆ, ಕೂಗಿದರೆ ಓಗೊಡುತ್ತಾರೆ. ಇಲ್ಲಿ ಗೋಡೆಗೆ ಗೋಡೆ ಅಂಟಿದೆ, ಕೂಗಿದರೆ ಜಗಳವೇನೋ ಎಂದು ಕಿಟಕಿ ಮುಚ್ಚುತ್ತಾರೆ.

ನನ್ನನ್ನು ಮೊದಲು ಮಾತಾಡಿಸಿದವರು ಓಣಿಯ ತುದಿಮನೆಯ ಜುಬೇದಕ್ಕ. ಅವರ ಯಜಮಾನರು ಹಮೀದ್ ಸಾಹೇಬರದು ಪೇಟೆಯಲ್ಲಿ ಕೊಡೆ, ಟಾರ್ಪಾಲಿನ ಅಂಗಡಿ. ಜುಬೇದಕ್ಕನಿಗೆ ಉಬ್ಬಸ. ನಾಲ್ಕು ಮೆಟ್ಟಿಲು ಹತ್ತಿದರೂ ಕೂತು ಸುಧಾರಿಸಿಕೊಳ್ಳಬೇಕು. ಆದರೂ ದಿನಾ ಒಂದು ಸುತ್ತು ನಮ್ಮ ಜಗಲಿಗೆ ಬಂದು, “ಎಂತ ಅಡುಗೆ ಇವತ್ತು?” ಎಂದು ಕೇಳಿಯೇ ಹೋಗುತ್ತಿದ್ದರು. ನನ್ನ ಕೆಸುವಿನ ಪತ್ರೊಡೆ ಅವರ ಮನೆಗೆ, ಅವರ ಅಕ್ಕಿರೊಟ್ಟಿ ನಮ್ಮ ಮನೆಗೆ.

ತಪ್ಪು ಮಾಡಿದ್ದು ನಾನು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಪ್ರಯೋಜನವಿಲ್ಲ.

ಈ ಮನೆಯಲ್ಲಿ ಗೀಸರ್ ಇದೆ. ಆದರೆ ಒಲೆಯ ಹೊಗೆಯ ವಾಸನೆ ಇಲ್ಲದ ಬಿಸಿನೀರು ನನಗೆ ಸ್ನಾನ ಅನ್ನಿಸಲಿಲ್ಲ. ಹಿತ್ತಲ ಬಚ್ಚಲಲ್ಲಿ ಹಳೆಯ ಹಂಡೆಯೊಲೆ ಇತ್ತು. ನಿಮ್ಮ ಅಪ್ಪನಿಗೆ ಹೇಳಿ ಒಂದು ಪಿಕಪ್ ಕಾಫಿ ಗಿಡದ ಸೌದೆ ತರಿಸಿದೆ. ಮಳೆಗಾಲಕ್ಕೆ ಮೊದಲು ಮನೆಯ ಮುಂದೆ ಸೌದೆ ಒಟ್ಟಿಟ್ಟವಳೇ ಗೃಹಿಣಿ ಎಂದು ನಮ್ಮ ಕಡೆ ಲೆಕ್ಕ. ನಾನೂ ಬಾಗಿಲ ಪಕ್ಕ, ಗೋಡೆಗೆ ಒತ್ತಿ, ಎದೆಯೆತ್ತರಕ್ಕೆ ಚೆಂದ ಮಾಡಿ ಒಟ್ಟಿದೆ. ಹಮೀದ್ ಸಾಹೇಬರು ನೋಡಿ, “ಭಾರಿ ಲಾಯ್ಕ್ ಆಗಿದೆ ಅಮ್ಮ,” ಎಂದು ಹೊದಿಸಲು ಒಂದು ನೀಲಿ ಟಾರ್ಪಾಲು ಕೊಟ್ಟರು. ಎದುರುಮನೆಯವರ ಮೆಟ್ಟಿಲು, ಅವರ ಬೈಕು, ಪಕ್ಕದವರ ಹೂಕುಂಡ ಎಲ್ಲವೂ ಓಣಿಯಲ್ಲೇ ಇದ್ದವು. ಅವುಗಳ ಜೊತೆ ನನ್ನದೂ ಒಂದು.

ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಜುಬೇದಕ್ಕನಿಗೆ ಉಸಿರು ಕಟ್ಟಿತು. ಹಮೀದ್ ಸಾಹೇಬರು ಫೋನ್ ಮಾಡಿದರು. ಆಂಬುಲೆನ್ಸು ಬೇಗ ಬಂತು. ಬಂದದ್ದು ಸುಮಳದೇ ಗಾಡಿ. ಓಣಿಯೊಳಗೆ ನುಗ್ಗಿ ನಮ್ಮ ಮನೆಯ ಮುಂದೆ ನಿಂತುಬಿಟ್ಟಿತು. ಒಂದು ಕಡೆ ಎದುರುಮನೆಯ ಮೆಟ್ಟಿಲು, ಇನ್ನೊಂದು ಕಡೆ ನನ್ನ ಸೌದೆ. ಡ್ರೈವರ್ ಗಿರೀಶ ಹಿಂದೆ ಮುಂದೆ ಮಾಡಿ ನೋಡಿದ. ಗಾಡಿ ತೂರಲಿಲ್ಲ.

ಸುಮ ಕೆಳಗೆ ಹಾರಿ, ಆಮ್ಲಜನಕದ ಸಿಲಿಂಡರ್ ತಬ್ಬಿಕೊಂಡು ಓಡಿದಳು. ನನ್ನ ಪಕ್ಕದಲ್ಲೇ ಹಾದುಹೋದರೂ ನನ್ನ ಮುಖ ನೋಡಲಿಲ್ಲ. ನಾನು ಟಾರ್ಪಾಲು ಕಿತ್ತೆಸೆದು ಸೌದೆಯನ್ನು ಎರಡೂ ಕೈಯಲ್ಲಿ ಬಾಚಿ ಮನೆಯೊಳಕ್ಕೆ ಎಸೆಯತೊಡಗಿದೆ. ಅರ್ಧವೂ ಮುಗಿದಿರಲಿಲ್ಲ, ಅಷ್ಟರಲ್ಲಿ ಗಿರೀಶ, ಹಮೀದ್ ಸಾಹೇಬರು ಸ್ಟ್ರೆಚರ್ ತಳ್ಳಿಕೊಂಡು ಬಂದರು. ಜುಬೇದಕ್ಕನ ತುಟಿ ನೀಲಿಯಾಗಿತ್ತು. ದಾರಿಗೆ ಉರುಳಿದ ಸೌದೆ ಚಕ್ರಕ್ಕೆ ಸಿಗುತ್ತದೆ ಎಂದು ಸ್ಟ್ರೆಚರನ್ನು ಅದರ ಮೇಲಿಂದ ಎತ್ತಿ ದಾಟಿಸಿದರು.

ಮಕ್ಕಳೇ, ನಿಮ್ಮ ಅಜ್ಜನಿಗೆ ಎದೆನೋವು ಬಂದಾಗ ಸಿರಿಮನೆಯ ನಮ್ಮ ಮನೆಗೆ ಗಾಡಿ ಬರುವ ದಾರಿಯೇ ಇರಲಿಲ್ಲ. ಒಂದು ಕೂಗಿಗೆ ಎಂಟು ಜನ ಬಂದರು, ಕಂಬಳಿಯಲ್ಲಿ ಜೋಲಿ ಕಟ್ಟಿ ಕಿಗ್ಗದ ರಸ್ತೆಯವರೆಗೆ ಹೊತ್ತರು. ತಡವಾಗಿತ್ತು. ದಾರಿಯಿದ್ದಿದ್ದರೆ ಎಂದು ನಾನು ಅಂದುಕೊಳ್ಳದ ದಿನವಿಲ್ಲ. ಇಲ್ಲಿ ದಾರಿ ಇತ್ತು. ಅದಕ್ಕೆ ಅಡ್ಡ ಒಟ್ಟಿದವಳು ನಾನೇ.

ಜುಬೇದಕ್ಕ ಉಳಿದರು. ಐದನೇ ದಿನ ಮನೆಗೆ ಬಂದರು. ನಾನು ನೋಡಲು ಹೋದೆ. ಹಮೀದ್ ಸಾಹೇಬರೇ, “ಟಾರ್ಪಾಲು ಕೊಟ್ಟದ್ದು ನಾನಲ್ವಾ ಅಮ್ಮ? ಅರ್ಧ ತಪ್ಪು ನನ್ನ ಪಾಲಿಗಿರ್ಲಿ,” ಎಂದರು. ಜುಬೇದಕ್ಕ ಮಲಗಿದಲ್ಲಿಂದಲೇ, “ಸೌದೆ ಮೇಲೆ ಪಲ್ಲಕ್ಕಿ ಉತ್ಸವ ಆಯ್ತು ನಂದು,” ಎಂದು ನಕ್ಕರು. ಬೈದಿದ್ದರೆ ಹಗುರಾಗುತ್ತಿತ್ತು. ಸುಮ ಮಾತ್ರ ಅಂದು ಊಟಕ್ಕೆ ಕೂತಾಗ ಹೇಳಿದಳು: “ಈ ಸಲ ಉಳಿದ್ರು ಅಮ್ಮ. ಇನ್ನೊಂದು ಸಲ ಉಳೀತಾರೆ ಅಂತ ನಾನು ಹೇಳಲ್ಲ.”

ಆ ಮಾತು ನನ್ನನ್ನು ಬಿಡಲಿಲ್ಲ. ಜುಬೇದಕ್ಕನಿಗೆ ಇನ್ನೊಂದು ಸಲ ಬಂದೇ ಬರುತ್ತದೆ. ಅಷ್ಟರೊಳಗೆ ಓಣಿ ತೆರವಾಗಬೇಕು. ಸೌದೆಯನ್ನು ಅವತ್ತೇ ಬೇಕಾದವರಿಗೆ ಕೊಟ್ಟೆ. ಆದರೆ ಮೆಟ್ಟಿಲು, ಬೈಕು, ಕುಂಡ? ಅವರಿಗೆ ಹೇಳಲು ನನಗೆ ಯಾವ ಮುಖ?

ಊರಿನ ರಸ್ತೆ, ಚರಂಡಿ ನೋಡುವ ಆಫೀಸಿಗೆ ಹೋದೆ. ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದು, ನಾಲ್ಕನೇ ಸಲ ಒಳಗೆ ಹೋದೆ. ಅಲ್ಲಿ ಆರೋಗ್ಯ ನಿರೀಕ್ಷಕಿ, ಸುಮಳ ವಯಸ್ಸಿನ ಹುಡುಗಿ, ಕೂರಿಸಿ ಕೇಳಿದಳು. ನಮ್ಮ ಕಡೆ ಒತ್ತುವರಿ ಎಂದರೆ ಕಾಡಿನ ಅಂಚಿಗೆ ಬೇಲಿ ಸರಿಸುವುದು. ಪೇಟೆಯಲ್ಲಿ ಹೂಕುಂಡವೂ ಒತ್ತುವರಿಯೇ ಎಂದು ಅವಳಿಂದ ತಿಳಿಯಿತು. ಊರು ತನಗೆ ತಾನೇ ಮಾಡಿಕೊಂಡ ಇಂಥ ನಿಯಮಕ್ಕೆ ಇಲ್ಲಿ ಬೈಲಾ ಎನ್ನುತ್ತಾರೆ.

“ನೋಟಿಸು ಕೊಟ್ಟು ತೆಗೆಸ್ಬಹುದು ಅಮ್ಮ. ಆದ್ರೆ ಎಷ್ಟು ಜಾಗ ಬಿಡಿಸ್ಬೇಕು? ಆಂಬುಲೆನ್ಸ್ ನಮ್ಮ ಕೆಳಗೆ ಬರಲ್ಲ. ನಮ್ದು ರಸ್ತೆ ಮಾತ್ರ.”

ಗಿರೀಶನನ್ನು ಕೇಳಿದರೆ, “ನಮ್ದು ಗಾಡಿ ಮಾತ್ರ ಅಮ್ಮ. ರಸ್ತೆ ನಮ್ದಲ್ಲ.”

ಎರಡು ತೋಟದ ನಡುವಿನ ಬೇಲಿಯ ಹಾಗೆ. ಅವರು ಕಟ್ಟಲಿ ಎಂದು ಇವರು, ಇವರು ಕಟ್ಟಲಿ ಎಂದು ಅವರು. ದನ ನುಗ್ಗುವುದು ಅಲ್ಲೇ. ನಮ್ಮೂರಲ್ಲಿ ಇದಕ್ಕೆ ಉಪಾಯ ಒಂದೇ: ಇಬ್ಬರನ್ನೂ ಒಂದೇ ದಿನ ಬೇಲಿಯ ಹತ್ತಿರ ನಿಲ್ಲಿಸುವುದು.

ಒಂದು ತೆಂಗಿನ ನಾರಿನ ಹಗ್ಗ ಹಿಡಿದು ಆಸ್ಪತ್ರೆಗೆ ಹೋದೆ. ಆಂಬುಲೆನ್ಸು ನೆರಳಲ್ಲಿ ನಿಂತಿತ್ತು. ಕೈ ಚಾಚಿ ಅಳೆದೆ. ಒಂದು ಮಾರು, ಒಂದು ಮೊಳ, ಕನ್ನಡಿಗಳಿಗೆ ಇನ್ನೊಂದು ಗೇಣು. ಅಲ್ಲಿಗೆ ಒಂದು ಗಂಟು. ಪಕ್ಕದ ಬಾಗಿಲು ತೆರೆದು ಸುಮ ಇಳಿಯಲು ಬೇಕಾದ ಜಾಗಕ್ಕೆ ಇನ್ನೊಂದು ಗಂಟು.

ಗಿರೀಶ ಚಹಾದ ಲೋಟ ಹಿಡಿದು ನೋಡುತ್ತಿದ್ದ. “ಗಾಡಿಗೆ ಅಂಗಿ ಹೊಲಿಸ್ತೀರಾ ಅಮ್ಮ?”

“ಓಣಿಗೆ ಹೊಲಿಸ್ಬೇಕು ಮಾರಾಯ. ವಾರ್ಡಿನ ಸಭೆಗೆ ರಸ್ತೆ ಆಫೀಸಿನವರು ಬರ್ತಾರೆ, ನೀನೂ ಬಾ,” ಎಂದೆ.

ಅಂಗನವಾಡಿಯಲ್ಲಿ ವಾರ್ಡಿನ ಸಭೆ. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ ಎಂದು ಕಂಬದ ಹಿಂದೆ ಕೂರುತ್ತಿದ್ದವಳು ನಾನು. ಅಲ್ಲಿ ಕಂಬವೂ ಇರಲಿಲ್ಲ. ಹಗ್ಗ ಹಿಡಿದು ಎದ್ದು ನಿಂತೆ.

“ಆ ಸೌದೆ ಒಟ್ಟಿದವಳು ನಾನು,” ಎಂದೆ. “ಮೊದಲನೇ ನೋಟಿಸು ನನ್ನ ಹೆಸರಿಗೆ ಬರೀರಿ.”

ನಿರೀಕ್ಷಕಿ ತಲೆ ಎತ್ತಿದಳು. “ಸೌದೆ ತೆಗ್ದಾಯ್ತಲ್ಲ ಅಮ್ಮ, ಇನ್ಯಾಕೆ?”

“ಆದ್ರೂ ಬರೀರಿ. ನಂದು ಮೊದಲಿದ್ರೆ ಉಳಿದವರಿಗೆ ಸಿಟ್ಟು ಬರಲ್ಲ.”

ಎದುರುಮನೆಯ ಯಜಮಾನರಿಗೆ ಆಗಲೇ ಬಂದಿತ್ತು. “ಮೊನ್ನೆ ಮೊನ್ನೆ ಊರಿಗೆ ಬಂದು ನಮಗೆ ಕಾನೂನು ಹೇಳ್ತೀರಾ?”

“ಹೊಸಬಳು ಹೌದು. ಅದಕ್ಕೇ ಬಾಯಿ ತಂದಿಲ್ಲ, ಅಳತೆ ತಂದಿದೀನಿ,” ಎಂದು ಹಗ್ಗವನ್ನು ನೆಲದ ಮೇಲೆ ಚಾಚಿ ಇಟ್ಟೆ. “ಇಷ್ಟು ಬಿಟ್ರೆ ಜುಬೇದಕ್ಕ ಗಾಡಿ ಹತ್ತುತ್ತಾರೆ. ನಾಳೆ ನೀವೂ ಹತ್ತಬಹುದು, ನಾನೂ ಹತ್ತಬಹುದು.”

ಗಿರೀಶ ಬಂದು ಹಗ್ಗದ ಪಕ್ಕ ನಿಂತು, “ಅಳತೆ ಸರಿಯಿದೆ ಮೇಡಂ,” ಎಂದ. ನಿರೀಕ್ಷಕಿ ಟೇಪ್ ತಂದು ಮತ್ತೆ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು. ಓಣಿಗೆ ಹಳದಿ ಗೆರೆ ಎಳೆಯುವುದು, ತಿಂಗಳಿಗೊಮ್ಮೆ ಗಾಡಿ ಬಿಡುವಾಗಿದ್ದಾಗ ಓಣಿಯಲ್ಲಿ ಒಂದು ಸಲ ಬಂದು ಹೋಗುವುದು, ನಿರೀಕ್ಷಕಿ ಅದರ ಮುಂದೆ ನಡೆದು ಅಡ್ಡವಿದ್ದದ್ದನ್ನು ತೆಗೆಸುವುದು ಎಂದು ತೀರ್ಮಾನವಾಯಿತು.

ಎದುರುಮನೆಯವರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ದಿನ ಮೆಟ್ಟಿಲು ಒಡೆಸಿ ಪಕ್ಕಕ್ಕೆ ತಿರುಗಿಸಿ ಕಟ್ಟಿಸಿದರು. ಕಾರ್ತಿಕದಲ್ಲಿ ಜುಬೇದಕ್ಕನಿಗೆ ಮತ್ತೆ ಉಸಿರು ಕಟ್ಟಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಗಾಡಿ ನನ್ನ ಮುಂದೆ ನಿಲ್ಲದೆ ತುದಿಮನೆಯವರೆಗೂ ಹೋಯಿತು. ಕಿಟಕಿಯಲ್ಲಿ ಸುಮ ಈ ಸಲ ನನ್ನ ಮುಖ ನೋಡಿದಳು.

ಈಗ ನನ್ನ ರಂಗೋಲಿ ಹೊಸಿಲಿಗೂ ಹಳದಿ ಗೆರೆಗೂ ನಡುವೆ ಒಂದೇ ಎಳೆ. ಸ್ನಾನಕ್ಕೆ ಗೀಸರ್. ಮೈಯಲ್ಲಿ ಹೊಗೆಯ ವಾಸನೆಯಿಲ್ಲದೆ, ಎಲ್ಲೋ ನೆಂಟರ ಮನೆಯಲ್ಲಿ ಮಿಂದು ಬಂದ ಹಾಗೆ ಇರುತ್ತೇನೆ.

ಮೊನ್ನೆ ಸಿರಿಮನೆಗೆ ಬಂದಾಗ ನಿಮ್ಮ ಅಪ್ಪ ಅಂಗಳದ ಬಾಯಲ್ಲಿ ಸೌದೆ ಒಟ್ಟಿದ್ದ. ಈಗ ಅಲ್ಲಿಗೂ ಕಾಂಕ್ರೀಟು ರಸ್ತೆ ಬಂದಿದೆಯಲ್ಲ. ಚೀಲದಿಂದ ಹಗ್ಗ ತೆಗೆದೆ. “ಅಮ್ಮ, ಇದು ನಮ್ಮ ಅಂಗಳ,” ಎಂದ ಅವನು. “ಗೊತ್ತು. ಗಂಟಿನವರೆಗೆ ಸರಿಸು,” ಎಂದೆ. ನೀವೂ ಕೈಹಾಕಿದಿರಿ, ಸಂಜೆಯೊಳಗೆ ಸರಿಸಿ ಮುಗಿಯಿತು.

ಮರುದಿನ ಬೆಳಿಗ್ಗೆ ಹಂಡೆಯ ನೀರಲ್ಲಿ ಮಿಂದು, ರಂಗೋಲಿಯ ಬಟ್ಟಲು ಹಿಡಿದು ಬಾಗಿಲಿಗೆ ಬಂದೆ. ಮೂವತ್ತೆಂಟು ವರ್ಷ ಗುಡಿಸಿದ ಅಂಗಳ. ಹೊಸಿಲ ಮೇಲೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಯಾವ ಗಾಡಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಾಲಿಟ್ಟೆ. ನೀವು ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕಿರಿ. ಯಾಕೆ ನಕ್ಕಿರಿ ಎಂದು ನನಗೆ ತಿಳಿದದ್ದು, ರಂಗೋಲಿ ಒಂದೇ ಎಳೆಗೆ ನಿಲ್ಲಿಸಿ ಎದ್ದ ಮೇಲೆ.