ಪಾಸ್‌ಪೋರ್ಟಿನ ಮೇಲಿನ ಕುಂಕುಮ

ಭಕ್ತಬಂಧುಗಳಲ್ಲಿ ಮೊದಲೇ ಒಂದು ಅರಿಕೆ: ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಬೇಕಾದ ಆ ವಾರದ ಪುಟಗಳೇ ಖಾಲಿ.

ಗಂಡನ ಸಂಶೋಧನೆಗಾಗಿ ನಾವು ವಿದೇಶದಲ್ಲಿದ್ದೆವು. ನಾನು ಅಲ್ಲಿಂದಲೇ ಜಯನಗರದ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದೆ. ಕಂಪನಿಯದು ಒಂದೇ ಷರತ್ತು: ವರ್ಷದಲ್ಲಿ ನೂರ ಎಂಬತ್ತಮೂರು ದಿನ ಮೀರಿ ಅಲ್ಲಿರಬಾರದು. ಮೀರಿದರೆ ನಾನು ಆ ದೇಶದ ತೆರಿಗೆ ನಿವಾಸಿಯಾಗುತ್ತೇನೆ, ಕಂಪನಿಯೂ ಅಲ್ಲಿ ಉತ್ತರ ಹೇಳಬೇಕಾಗುತ್ತದೆ; ಹಾಗಾದರೆ ಕೆಲಸ ಹೋಯಿತು. ಆ ಕೆಲಸದ ವಿಮೆಯಲ್ಲೇ ಅಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್ ನಡೆಯುತ್ತಿತ್ತು.

ಕಳೆದ ವರ್ಷ ಅಮ್ಮನಿಗೆ ಬುಧವಾರ ಶಸ್ತ್ರಚಿಕಿತ್ಸೆ ಎಂದು ಗೊತ್ತಾಗಿ ಓಡಿಬಂದೆ. ಟಿಕೆಟ್ ಬದಲಾಯಿಸಿದ್ದೆ, ಇಮೇಲಿನಲ್ಲಿ ಮಂಗಳವಾರದ್ದೂ ಇದೆ, ಗುರುವಾರದ್ದೂ ಇದೆ; ಯಾವುದರಲ್ಲಿ ಬಂದೆನೆಂದು ನೆನಪಿಲ್ಲ. ಈ ವರ್ಷ ಊರಿಗೆ ಬಂದಾಗ ಕಂಪನಿ ಆ ದಿನಗಳ ಲೆಕ್ಕ ಕೇಳಿತು. ಮಂಗಳವಾರ ಇಳಿದಿದ್ದರೆ ನೂರ ಎಂಬತ್ತೆರಡು ದಿನ. ಗುರುವಾರವಾದರೆ ನೂರ ಎಂಬತ್ತನಾಲ್ಕು. ವಿಮಾನ ಕಂಪನಿ ಉತ್ತರಿಸಲಿಲ್ಲ. ಪಾಸ್‌ಪೋರ್ಟ್ ತೆರೆದರೆ ಬಂದಿಳಿದ ದಿನದ ಮುದ್ರೆಯ ಮೇಲೆ ಕುಂಕುಮ, ದಿನಾಂಕ ಕಾಣದಂತೆ ಹರಡಿತ್ತು. ಹೊಸ ವರ್ಷದಲ್ಲಿ ನಾನು ಮತ್ತೆ ಹೊರಡುವಾಗ ಅಕ್ಕ ಅದನ್ನು ದೇವಿಯ ಮುಂದಿಟ್ಟು ಹಚ್ಚಿದ್ದಳು.

"ಒಳ್ಳೇದಾಗ್ಲಿ ಅಂತ ತಾನೇ ಹಚ್ಚಿದ್ದು? ಎಣ್ಣೆ ಸ್ವಲ್ಪ ಜಾಸ್ತಿ ಆಯ್ತು" ಎಂದಳು.

ಕಂಪನಿಯ ಲೆಕ್ಕಪತ್ರದವರು ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. "ಮೇಡಂ, ನಿಮ್ ಮೇಲೆ ಅನುಮಾನ ಇಲ್ಲ. ಆದ್ರೆ ಫೈಲಿಗೆ ದೇವರ ಪ್ರಸಾದ ಹಾಕಕ್ಕಾಗಲ್ವಲ್ಲ. ಒಂದು ಕಾಗದ ತನ್ನಿ."

ಮನೆಯಲ್ಲಿ ಇದನ್ನು ಅಕ್ಕನಿಗೆ ಹೇಳುವಾಗ ಅಮ್ಮ ಕೇಳಿಸಿಕೊಂಡಿದ್ದರು. "ಕೆಲಸ ಹೋದ್ರೆ ನನ್ನನ್ನ ಆ ಮಿಷನ್‌ಗೆ ಕರ್ಕೊಂಡು ಹೋಗ್ಬೇಡ ಕಣೇ. ಸಾಕಾಗಿದೆ."

ಶುಕ್ರವಾರಗಳಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿದೆ. ನಾಲ್ಕು ವಾರ ಏನೂ ಆಗಲಿಲ್ಲ. ದೇವಿಯನ್ನು ಬೇಡುತ್ತಿದ್ದೆನೋ, ಅವಳೊಡನೆ ಚೌಕಾಸಿ ಮಾಡುತ್ತಿದ್ದೆನೋ ತಿಳಿಯಲಿಲ್ಲ. ಐದನೇ ಶುಕ್ರವಾರ ದೀಪ ಹಚ್ಚಿ, ಪದ್ಮನಾಭನಗರದಿಂದ ಬಸ್ಸು ಹಿಡಿದು, ಅಮ್ಮನ ಹಳೆಯ ರಿಪೋರ್ಟ್ ತರಲು ಆಸ್ಪತ್ರೆಗೆ ಹೋದೆ. ದಾಖಲೆ ವಿಭಾಗದಾಕೆ ಕೊಟ್ಟ ಕಟ್ಟಿನಲ್ಲಿ ವಿಮೆಯ ಒಪ್ಪಿಗೆ ಪತ್ರವಿತ್ತು. ನನ್ನ ಹೆಸರು, ನನ್ನ ಸಹಿ, ಶಸ್ತ್ರಚಿಕಿತ್ಸೆಯ ಬುಧವಾರದ ದಿನಾಂಕ. ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ.

ಬುಧವಾರ ಸಹಿ ಹಾಕಿದ್ದರೆ ಮಂಗಳವಾರವೇ ಇಳಿದಿರಬೇಕೆಂದು ಕಂಪನಿ ಅದನ್ನು ಒಪ್ಪಿತು. ಅಮ್ಮನ ಡಯಾಲಿಸಿಸ್ ಒಂದು ದಿನವೂ ತಪ್ಪಲಿಲ್ಲ. ಇದು ದೇವಿಯ ಕೃಪೆ ಎಂದು ನಂಬಿದ್ದೇನೆ. ಈಗಲೂ ಶುಕ್ರವಾರ ದೀಪ ಹಚ್ಚುತ್ತೇನೆ.

ಆದರೆ ಆ ಪ್ರತಿಯನ್ನು ಮತ್ತೆ ಮತ್ತೆ ನೋಡಿದ್ದೇನೆ. ನಾನು ಸಹಿಯ ಕೆಳಗೆ ಗೆರೆ ಎಳೆಯುತ್ತೇನೆ. ಅಲ್ಲಿ ಗೆರೆಯಿಲ್ಲ. ಗಾಬರಿಯಲ್ಲಿ ಬಿಟ್ಟಿರಲೂಬಹುದು. ವಿಮೆ ನನ್ನ ಹೆಸರಿನಲ್ಲಿದ್ದುದರಿಂದ ನನ್ನದೇ ಸಹಿ ಬೇಕೆಂದು ಅಂದು ಕೌಂಟರಿನವರು ಹಟ ಹಿಡಿದಿದ್ದರಂತೆ. ಇದನ್ನು ಹೇಳಿದವಳು ಅಂದು ಅಮ್ಮನ ಜೊತೆಗಿದ್ದ ಅಕ್ಕನೇ.

ಹೋದ ವಾರ ಅಮ್ಮ ಮಲಗಿದ್ದಾಗ ಅಕ್ಕನನ್ನು ಕೇಳಿದೆ.

"ಅಕ್ಕ, ಆ ಬುಧವಾರ ನಾನು ಆಸ್ಪತ್ರೇಲಿ ನಿನ್ ಪಕ್ಕದಲ್ಲಿ ಇದ್ನಾ?"