ಪಾಳಿ ಕರೆಂಟು

ನನ್ನ ಹಿಟ್ಟಿನ ಗಿರಣಿ ಇರುವುದು ತಾಳಗುಂದದಿಂದ ಸ್ವಲ್ಪ ಆಚೆ, ಸೊರಬದ ಕಡೆ ಹೋಗುವ ದಾರಿಯ ಪಕ್ಕದಲ್ಲಿ. ಅದನ್ನು ನಡೆಸುವವಳೂ ನಾನೇ, ಕೆಟ್ಟಾಗ ಅದಕ್ಕೆ ಬೈಯುವವಳೂ ನಾನೇ. ಗಂಡನಿಗೆ ಗದ್ದೆ ಕೆಲಸವೇ ಸಾಕುಸಾಕಾಗುತ್ತದೆ. ಗಿರಣಿಯ ಕಲ್ಲು ತಿರುಗಲು ತ್ರೀ ಫೇಸ್ ಕರೆಂಟು ಬೇಕು. ಅದು ನಮ್ಮೂರಿಗೆ ಹಗಲಲ್ಲಿ ಕೆಲವು ತಾಸು ಮಾತ್ರ ಬರುತ್ತದೆ, ಅದೂ ಪಂಪ್‌ಸೆಟ್‌ಗಳ ಲೈನಿನಲ್ಲಿ. ಬಂದ ಕೂಡಲೇ, ನಾನು ಸ್ವಿಚ್ಚಿಗೆ ಕೈ ಹಾಕುವ ಮೊದಲೇ, ಹೊಲಗಳ ಮೋಟರುಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಎಲ್ಲರ ಮೋಟರಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದರೆ ಮೋಟರನ್ನು ತಾನಾಗಿಯೇ ಶುರು ಮಾಡುವ ಡಬ್ಬಿ ಅದು. ಯಜಮಾನರು ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ, ಮೋಟರು ಹೊಲದಲ್ಲಿ ನೀರೆತ್ತುತ್ತಿರುತ್ತದೆ. ಒಂದು ಟ್ರಾನ್ಸ್‌ಫಾರ್ಮರ್ ಎಷ್ಟು ಜನರನ್ನು ಹೊರಬೇಕು? ವೋಲ್ಟೇಜ್ ಪಾತಾಳಕ್ಕೆ ಇಳಿದು, ನನ್ನ ಮೋಟರು ನರಳಿ ನರಳಿ ಸುಟ್ಟುಹೋಗುತ್ತಿತ್ತು.

ಎರಡನೇ ಸಲ ಸುಟ್ಟಾಗ ಶಿಕಾರಿಪುರದ ವೈಂಡಿಂಗ್ ಅಂಗಡಿಯ ಭಾಯಿ ಅದನ್ನು ಬಿಚ್ಚಿ ನೋಡಿ, “ಅಕ್ಕಾ, ಈ ಸಲ ಹೆಂಗೋ ಸುತ್ತಿ ಕೊಡ್ತೀನಿ. ಇನ್ನೊಂದ್ ಸಲ ಸುಟ್ರೆ ಗುಜರಿಗೆ ಹಾಕ್ಬೇಕಾಗ್ತತಿ ನೋಡ್ರಿ,” ಎಂದರು. ಹೊಸ ಮೋಟರು ನಮ್ಮ ಕೈಗೆ ಎಟುಕುವ ಮಾತಲ್ಲ. ಅಂದರೆ ಇನ್ನೊಂದು ಸಲ ಸುಟ್ಟರೆ ಗಿರಣಿಗೆ ಬೀಗ. ಈ ಊರಿನಲ್ಲಿ ನಾನು ಇಂಥವರ ಸೊಸೆ ಎನ್ನುವುದು ಹೋಗಿ ಗಿರಣಿಯಕ್ಕ ಆದದ್ದು ಈ ಗಿರಣಿಯಿಂದಲೇ.

ಆ ದಿನಗಳಲ್ಲೇ ಪೇಪರಿನಲ್ಲಿ ಒಂದು ಸುದ್ದಿ ಬಂತು. ಕರೆಂಟು ಕಂಪನಿಯವರು ದರ ಏರಿಸಬೇಕೆಂದು ಕೇಳಿದ್ದಾರೆ, ಆ ಬಗ್ಗೆ ದರ ನಿಗದಿ ಮಾಡುವ ಆಯೋಗದವರು ಶಿವಮೊಗ್ಗದಲ್ಲಿ ಜನರ ಅಹವಾಲು ಕೇಳುತ್ತಾರೆ, ಯಾರು ಬೇಕಾದರೂ ಮಾತಾಡಬಹುದು. ಯಾರು ಬೇಕಾದರೂ ಅಂದಮೇಲೆ ನಾನೂ ಹೋದೆ. ಮುಂದಿನ ಸಾಲಿನಲ್ಲಿ ಕಾರ್ಖಾನೆಯವರು, ವಕೀಲರು. ನನ್ನ ಹೆಸರು ಕರೆದಾಗ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತೆ.

“ಸಾಹೇಬ್ರೆ, ಗಿರಣಿ ನಿಂತಿದ್ರೂ ನನ್ ಬಿಲ್ಲಿನಾಗೆ ನಿಗದಿತ ಶುಲ್ಕ ಅಂತ ಬರ್ತತಿ. ಬೀಸದೆ ಕೂತಿದ್ದಕ್ಕೂ ದುಡ್ಡಾ? ಪಂಪ್‌ಸೆಟ್ಟಿನವ್ರಿಗೆ ಪುಕ್ಸಟ್ಟೆ, ನನಗೆ ದುಡ್ಡು ಕೊಟ್ರೂ ಕರೆಂಟಿಲ್ಲ. ಇದ್ಯಾವ ನ್ಯಾಯ?”

ಆಯೋಗದ ಹಿರಿಯರು ಸಾವಧಾನವಾಗಿ ಹೇಳಿದರು: “ಅಮ್ಮಾ, ಆ ಶುಲ್ಕ ನೀವು ಬೀಸಿದ್ದಕ್ಕಲ್ಲ. ಯಾವಾಗ ಸ್ವಿಚ್ ಹಾಕಿದರೂ ಕರೆಂಟ್ ಸಿಗಲಿ ಅಂತ ತಂತಿ, ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿ ಇಡೋದಕ್ಕೆ. ಪಂಪ್‌ಸೆಟ್ ಕರೆಂಟೂ ಪುಕ್ಕಟೆ ಅಲ್ಲ, ರೈತರ ಬದಲು ಸರ್ಕಾರ ಕಟ್ಟುತ್ತೆ.”

“ಸಿದ್ಧ ಇಟ್ಟಿದ್ದು ನನ್ ಕೈಗೆ ಸಿಗಬೇಕಲ್ರೀ?”

ಅವರು ಸಿಟ್ಟಾಗಲಿಲ್ಲ. ಮನೆ, ಗಿರಣಿಗಳಿಗೆ ಬೇರೆ ಲೈನು ಎಳೆಯುವ ಕೆಲಸ ಆ ಊರಿಗೆ ಯಾವಾಗ ಬರುತ್ತದೆ ಎಂದು ಕಂಪನಿಯವರನ್ನು ಕೇಳಿದರು. ಯೋಜನೆಯಲ್ಲಿದೆ, ಸಮಯ ಹಿಡಿಯುತ್ತದೆ ಎಂದು ಉತ್ತರ ಬಂತು. ಅದನ್ನೇ ಬರೆದು ಕೊಡಿ ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದರು. “ನಿಮ್ಮೂರಲ್ಲಿ ಎಷ್ಟು ಮೋಟರು ತಾವಾಗೇ ಶುರುವಾಗ್ತವೆ?”

“ಎಲ್ಲವೂ.”

ಸಭೆ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಶಿಕಾರಿಪುರದ ತನಕ ಒಬ್ಬಳೇ ಗೊಣಗಿಕೊಂಡು ಬಂದೆ. ನ್ಯಾಯ ಕೇಳಲು ಹೋದರೆ ತಪ್ಪು ನಮ್ಮೂರ ಮೇಲೆಯೇ ಬಂತಲ್ಲ. ಆದರೆ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಊರಿನ ಸ್ಟಾಪಿನಲ್ಲಿ ಇಳಿದು ಕೆರೆ ಏರಿಯ ಮೇಲೆ ನಡೆಯುವಾಗ ಕಾಲುವೆಯ ಬಾಯಲ್ಲಿ ನೆಟ್ಟಿದ್ದ ಲಕ್ಕಿ ಸೊಪ್ಪಿನ ಟೊಂಗೆ ಕಣ್ಣಿಗೆ ಬಿತ್ತು. ನಮ್ಮಲ್ಲಿ ಕೆರೆ ನೀರಿಗೆ ಪಾಳಿ ಇದೆ. ಯಾರ ಸರದಿಯೋ ಅವರು ಹಸಿ ಟೊಂಗೆ ನೆಡುತ್ತಾರೆ. ಅದು ಇರುವ ತನಕ ಮುಖ ಮುಖ ನೋಡದ ವೈರಿಯೂ ಅಲ್ಲಿಯ ನೀರು ತಿರುಗಿಸುವುದಿಲ್ಲ. ನೀರಿಗೆ ಕೊಡುವ ಮರ್ಯಾದೆಯನ್ನು ಕರೆಂಟಿಗೆ ಯಾಕೆ ಕೊಡಬಾರದು ಎನಿಸಿತು.

ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೋಟರು ನನ್ನ ಗಂಡನ ಅಣ್ಣನದು. ಮೊದಲು ಅವರ ಹತ್ತಿರವೇ ಹೋದೆ.

“ಭಾವ, ಕೆರೆ ನೀರಿನಂಗೆ ಕರೆಂಟಿಗೂ ಪಾಳಿ ಮಾಡಣ. ಮೇಲಿನ ಹೊಲದವ್ರು ಮೊದ್ಲು, ಕೆಳಗಿನವ್ರು ಆಮೇಲೆ. ಆಟೋ ತೆಗೆದು ಕೈಯಿಂದ ಹಾಕಿದ್ರೆ ಎಲ್ಲರಿಗೂ ಸಿಗ್ತತಿ.”

“ನಾ ತೆಗೀತೀನವ್ವಾ, ಪಕ್ಕದಾಂವ ತೆಗೀತಾನಾ? ಅವನ ಮೆಕ್ಕೆಜೋಳಕ್ಕೆ ನೀರು, ನನ್ನ ಜೋಳದ ಮುಂದೆ ನಾ ಬಾಯಿ ಬಡ್ಕಣಾದು. ನಿನ್ ಗಿರಣಿ ಸಲುವಾಗಿ ನಾ ಬಾವಿಗೆ ಬೀಳ್ಲಾ?”

ಪಕ್ಕದವನೂ ಇದನ್ನೇ ಹೇಳಿದ, ಅವನ ಪಕ್ಕದವನೂ. ಯಾರೂ ಕೆಟ್ಟವರಲ್ಲ. ಮೊದಲು ಕೈ ಬಿಡುವವರು ಯಾರು ಎನ್ನುವುದೇ ಪಂಚಾತಿಕೆ. ನನಗೆ ಪಿತ್ತ ನೆತ್ತಿಗೇರಿತು. ಸಂಜೆ ಕಟ್ಟೆಯ ಮೇಲೆ ಕೂತಿದ್ದವರ ಎದುರಿಗೇ ಹೇಳಿಬಿಟ್ಟೆ: “ಆಟೋ ತೆಗೆಯೋ ತನಕ ಗಿರಣಿ ಬಾಗ್ಲು ತೆಗೆಯಲ್ಲ. ಹಿಟ್ಟು ಬೇಕಾದ್ರೆ ಶಿಕಾರಿಪುರಕ್ಕೆ ಹೊತ್ಕಂಡ್ ಹೋಗ್ರಿ.”

ಹೇಳಿದ್ದೇನೋ ಹೇಳಿದೆ, ಮನೆಗೆ ಬಂದ ಮೇಲೆ ಲೆಕ್ಕ ಹಾಕುತ್ತ ಕೂತೆ. ಗಿರಾಕಿಗಳು ಒಮ್ಮೆ ಪೇಟೆಯ ದಾರಿ ಹಿಡಿದರೆ ಮತ್ತೆ ಬರುವರೇ? ಮೋಟರು ಉಳಿದರೂ ಗಿರಣಿ ಸಾಯುತ್ತದೆ. ಆದರೆ ತಲೆಯ ಮೇಲೆ ಜೋಳದ ಚೀಲ ಹೊತ್ತು ಬಸ್ಸಿಗೆ ಕಾಯಬೇಕಾದವರು ಗಂಡಸರಲ್ಲವಲ್ಲ. ಮನೆಮನೆಯಲ್ಲಿ ಏನೇನು ಮಂಗಳಾರತಿ ಆಯಿತೋ, ಕೆಲವೇ ದಿನಗಳಲ್ಲಿ ಭಾವನೇ ನಮ್ಮ ಮನೆಗೆ ಬಂದರು. “ನಾಳೆ ಬಾಗ್ಲು ತೆಗಿ” ಎಂದಷ್ಟೇ ಹೇಳಿ, ಚಹಾ ಕೂಡ ಕುಡಿಯದೆ ಹೋದರು.

ಮರುದಿನ ಗಿರಣಿಯ ಮುಂದೆ ಚೀಲಗಳ ಸಾಲು. ಬಾಗಿಲಿನಿಂದ ಟ್ರಾನ್ಸ್‌ಫಾರ್ಮರ್ ಕಡೆಗೆ ನೋಡಿದೆ. ಬೇಲಿಯ ಹೊರಗೆ, ಮೇಲಿನ ಹೊಲಗಳಿಗೆ ಹೋಗುವ ದಾರಿಯಲ್ಲಿ ಭಾವ ಲಕ್ಕಿಯ ಟೊಂಗೆ ನೆಡುತ್ತಿದ್ದರು. ಅವರ ಹೊಲ ಇರುವುದು ಕೆಳಗೆ. ಮೊದಲ ಸರದಿಯನ್ನು ಅವರೇ ಬಿಟ್ಟುಕೊಟ್ಟಿದ್ದರು.

ಕರೆಂಟು ಬಂತು. ಮೇಲಿನ ಮೋಟರುಗಳು ಒಂದಾದ ಮೇಲೊಂದು ಶುರುವಾದವು. ಕೆಳಗಿನ ಹೊಲಗಳಿಂದ ಸದ್ದೇ ಇಲ್ಲ. ವೋಲ್ಟ್ ಮೀಟರಿನ ಮುಳ್ಳು ಅಲುಗಾಡಿ ಮೇಲೇರಿ ನಿಂತಿತು. ಆದರೂ ಈ ಸಲ ಮೋಟರು ಸುಟ್ಟರೆ ಮುಗಿಯಿತು. ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದೆ. ಬೆಲ್ಟು ಜಾರಲಿಲ್ಲ, ಮೋಟರು ನರಳಲಿಲ್ಲ, ಕಲ್ಲು ತನ್ನ ಪೂರ್ತಿ ವೇಗ ಹಿಡಿಯಿತು. ಬಾಗಿಲಿನಾಚೆ, ಕೆಳಗಿನ ಹೊಲದಲ್ಲಿ ಭಾವ ತಮ್ಮ ಪಂಪಿನ ಮನೆಯ ಮುಂದೆ ಕೈಕಟ್ಟಿ ಕೂತಿದ್ದರು, ಪಾಳಿ ಬರಲೆಂದು. ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರೆ ಸಾಲಿನಲ್ಲಿ ಮೊದಲಿದ್ದ ಅಜ್ಜಿ ತನ್ನ ಚೀಲವನ್ನು ನನ್ನ ಕಾಲ ಬುಡಕ್ಕೆ ತಳ್ಳಿದಳು.

“ಆಮೇಲೆ ಅಳುವಂತೆ ಬಿಡವ್ವಾ. ಮೊದ್ಲು ಜೋಳ ಹಾಕು, ಭಾಳ ದಿನ ಆತು ನಮ್ಮನ್ಯಾಗೆ ರೊಟ್ಟಿ ಬಡಿದು.”